ಶಾಲೆಯ ಬಾಗಿಲು ತೆರೆಸಿದ ಸಂಘ: ಅಮೆರಿಕದ ಎನ್.ಎ.ಎ.ಸಿ.ಪಿ.ಯ ಚರಿತ್ರೆ ಮತ್ತು ಪ್ರಭಾವ

1900ನೆಯ ಇಸವಿಯ ಫೆಬ್ರವರಿ 12, ಅಬ್ರಹಾಂ ಲಿಂಕನ್ನರ ಜನ್ಮದಿನ. ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಪಟ್ಟಣದಲ್ಲಿ, ಕಪ್ಪು ವರ್ಣದ ಮಕ್ಕಳಿಗೆಂದೇ ಇದ್ದ ಸ್ಟಾಂಟನ್ ಶಾಲೆಯ ಮುಖ್ಯೋಪಾಧ್ಯಾಯ ಜೇಮ್ಸ್ ವೆಲ್ಡನ್ ಜಾನ್ಸನ್ ಅವರು ಅಂದಿನ ಸಮಾರಂಭಕ್ಕಾಗಿ ಒಂದು ಹಾಡನ್ನು ಬರೆದಿದ್ದರು. ಅವರ ತಮ್ಮ ರೋಸಮಂಡ್ ಅದಕ್ಕೆ ರಾಗವನ್ನು ಹಾಕಿದ್ದರು. ಐನೂರು ಮಂದಿ ಶಾಲಾ ಮಕ್ಕಳು ಅದನ್ನು ಒಕ್ಕೊರಲಿನಿಂದ ಹಾಡಿದರು. ಸಮಾರಂಭ ಮುಗಿಯಿತು. ಸಹೋದರರಿಬ್ಬರೂ ನ್ಯೂಯಾರ್ಕಿಗೆ ತೆರಳಿದರು, ಹಾಡನ್ನು ಬಹುಮಟ್ಟಿಗೆ ಮರೆತೂಬಿಟ್ಟರು. ಆದರೆ ಹಾಡಿದ ಮಕ್ಕಳು ಮರೆಯಲಿಲ್ಲ. ಅವರಲ್ಲಿ ಕೆಲವರು ಬೆಳೆದು ತಾವೇ ಉಪಾಧ್ಯಾಯರಾಗಿ, ಬೇರೆ ಬೇರೆ ಊರುಗಳ ಮಕ್ಕಳಿಗೆ ಅದನ್ನು ಕಲಿಸಿದರು. ಹೀಗೆ ಶಾಲೆಯಿಂದ ಶಾಲೆಗೆ ಹಬ್ಬಿದ ಆ ಗೀತೆಯನ್ನು 1919ರಲ್ಲಿ ಒಂದು ರಾಷ್ಟ್ರೀಯ ಸಂಘವು ತನ್ನ ಜನರ ಗೀತೆಯಾಗಿ ಅಂಗೀಕರಿಸಿತು. ಮರುವರ್ಷ ಆ ಮುಖ್ಯೋಪಾಧ್ಯಾಯರೇ ಅದೇ ಸಂಘದ ಕಾರ್ಯದರ್ಶಿಯಾದರು.

ಆ ಸಂಘವೇ 'ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಕಲರ್ಡ್ ಪೀಪಲ್', ಅರ್ಥಾತ್ ವರ್ಣೀಯ ಜನರ ಏಳಿಗೆಗಾಗಿ ಇರುವ ರಾಷ್ಟ್ರೀಯ ಸಂಘ. ಸಂಕ್ಷೇಪವಾಗಿ ಎನ್.ಎ.ಎ.ಸಿ.ಪಿ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಸಾಗರದಾಚೆಯ ಸಂಘವೊಂದರ ವಿಚಾರವೇಕೆಂದು ವಾಚಕರಿಗೆ ಅನ್ನಿಸಬಹುದು. ಈ ಸಂಘದ ನೂರು ವರ್ಷಗಳ ಹೋರಾಟದ ನಡುವಣ ಕಂಬ ಶಾಲೆಯೇ ಆಗಿತ್ತು ಎಂಬುದು ಮೊದಲ ಕಾರಣ. ಸಣ್ಣ ಸಮುದಾಯವೊಂದಕ್ಕೆ ತನ್ನದೇ ಆದ ಶಾಲೆ ಏನನ್ನು ಕೊಡುತ್ತದೆ, ಅದು ಕಳೆದುಹೋದಾಗ ಏನು ಕಳೆದುಹೋಗುತ್ತದೆ ಎಂಬ ಪ್ರಶ್ನೆಗೆ ಈ ಚರಿತ್ರೆಯಲ್ಲಿ ಗಂಭೀರವಾದ ಉತ್ತರವಿದೆ ಎಂಬುದು ಎರಡನೆಯ ಕಾರಣ.

ಹಿನ್ನೆಲೆ

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. 1868ರ ಹದಿನಾಲ್ಕನೆಯ ಸಂವಿಧಾನ ತಿದ್ದುಪಡಿಯು ಕಾನೂನಿನ ಮುಂದೆ ಸಮಾನ ರಕ್ಷಣೆಯನ್ನೂ 1870ರ ಹದಿನೈದನೆಯ ತಿದ್ದುಪಡಿಯು ವರ್ಣಭೇದವಿಲ್ಲದ ಮತದಾನದ ಹಕ್ಕನ್ನೂ ಘೋಷಿಸಿದವು. ಆದರೆ ಬರೆದ ಮಾತು ಬದುಕಿಗೆ ಇಳಿಯಲಿಲ್ಲ. ದಕ್ಷಿಣದ ರಾಜ್ಯಗಳು ರೈಲು, ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ನಲ್ಲಿ ಹೀಗೆ ಎಲ್ಲೆಲ್ಲೂ ಬಿಳಿಯರನ್ನೂ ಕಪ್ಪು ಜನರನ್ನೂ ಬೇರ್ಪಡಿಸುವ ಶಾಸನಗಳನ್ನು ಮಾಡಿದವು. 1896ರಲ್ಲಿ ಪ್ಲೆಸ್ಸಿ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬೇರೆ ಬೇರೆ ಇಟ್ಟರೂ ಸೌಕರ್ಯ ಸಮನಾಗಿದ್ದರೆ ತಪ್ಪಿಲ್ಲವೆಂದು ತೀರ್ಪಿತ್ತಿತು. 'ಪ್ರತ್ಯೇಕ, ಆದರೆ ಸಮಾನ' ಎಂಬ ಈ ತತ್ತ್ವದಲ್ಲಿ ಮೊದಲ ಪದ ಮಾತ್ರ ಆಚರಣೆಗೆ ಬಂತು, ಎರಡನೆಯದು ಕಾಗದದಲ್ಲೇ ಉಳಿಯಿತು. ಇದರೊಂದಿಗೆ ವಿಚಾರಣೆಯಿಲ್ಲದೆ ಗುಂಪು ಸೇರಿ ಮನುಷ್ಯರನ್ನು ನೇಣು ಹಾಕುವ ಕ್ರೌರ್ಯವೂ ನಡೆದಿತ್ತು.

ಸಂಘದ ಹುಟ್ಟು

1908ರ ಆಗಸ್ಟ್ ತಿಂಗಳಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಭೀಕರ ದಂಗೆಯಾಯಿತು. ಬಿಳಿಯರ ಗುಂಪು ಕಪ್ಪು ಜನರ ಮನೆ, ಅಂಗಡಿಗಳನ್ನು ಸುಟ್ಟು, ಇಬ್ಬರನ್ನು ನೇಣಿಗೆ ಹಾಕಿತು. ಅದು ಲಿಂಕನ್ನರು ಬಾಳಿದ, ಅವರ ಸಮಾಧಿಯಿರುವ ಊರು, ಮೇಲಾಗಿ ಉತ್ತರದ ಊರು. ಇದು ದಕ್ಷಿಣದ ರೋಗ ಮಾತ್ರ ಎಂದುಕೊಂಡಿದ್ದವರಿಗೆ ಎಚ್ಚರವಾಯಿತು. ಪತ್ರಕರ್ತ ವಿಲಿಯಂ ಇಂಗ್ಲಿಷ್ ವಾಲಿಂಗ್ ಅವರ ಲೇಖನವನ್ನು ಓದಿದ ಸಮಾಜಸೇವಕಿ ಮೇರಿ ವೈಟ್ ಓವಿಂಗ್ಟನ್ ಅವರಿಗೆ ಪತ್ರ ಬರೆದರು. ಕೆಲವೇ ಜನ ಕಲೆತು ಸಮಾಲೋಚಿಸಿ, ಲಿಂಕನ್ನರ ಜನ್ಮಶತಾಬ್ದಿಯ ದಿನವಾದ 1909ರ ಫೆಬ್ರವರಿ 12ರಂದು ದೇಶಕ್ಕೆ ಒಂದು ಕರೆಯನ್ನು ಪ್ರಕಟಿಸಿದರು. ಸಹಿ ಹಾಕಿದ ಅರುವತ್ತು ಮಂದಿಯಲ್ಲಿ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರೂ, ಗುಂಪುಕೊಲೆಗಳನ್ನು ಬಯಲಿಗೆಳೆದ ದಿಟ್ಟ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರೂ ಇದ್ದರು.

ಮೊದಲ ಪದಾಧಿಕಾರಿಗಳಲ್ಲಿ ಕಪ್ಪು ವರ್ಣದವರೆಂದರೆ ಡುಬಾಯ್ಸ್ ಒಬ್ಬರೇ. 1910ರ ನವೆಂಬರಿನಲ್ಲಿ ಅವರು 'ದಿ ಕ್ರೈಸಿಸ್' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಮೊದಲ ಸಂಚಿಕೆಗೆ ಒಂದು ಸಾವಿರ ಪ್ರತಿ. ಹತ್ತು ವರ್ಷ ಕಳೆಯುವುದರೊಳಗೆ ಪ್ರಸಾರ ಒಂದು ಲಕ್ಷವನ್ನು ಮುಟ್ಟಿತು. ಪದವಿ ಪಡೆದ ವಿದ್ಯಾರ್ಥಿಗಳ ಭಾವಚಿತ್ರ, ಹೊಸ ಕವಿಗಳ ರಚನೆ, ಗುಂಪುಕೊಲೆಯ ವರದಿ ಎಲ್ಲವೂ ಅದರಲ್ಲಿ ಒಟ್ಟಿಗೆ ಅಚ್ಚಾಗುತ್ತಿದ್ದವು. ಊರೂರುಗಳಲ್ಲಿ ಶಾಖೆಗಳು ಹುಟ್ಟಿದವು. ಪಾದ್ರಿಗಳು, ಅಂಚೆ ನೌಕರರು, ರೈಲು ಸೇವಕರು, ಅಡುಗೆಯವರು, ಎಲ್ಲರಿಗಿಂತ ಹೆಚ್ಚಾಗಿ ಶಾಲಾ ಉಪಾಧ್ಯಾಯರು ವರ್ಷದ ಚಂದಾ ಕೊಟ್ಟು ಸದಸ್ಯರಾದರು. 1919ರಲ್ಲಿ ಸುಮಾರು 90,000 ಇದ್ದ ಸದಸ್ಯರ ಸಂಖ್ಯೆ ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಐದು ಲಕ್ಷವನ್ನು ಮೀರಿತ್ತು.

ದಾಖಲೆಯೇ ಆಯುಧ

ಸಂಘದ ಕಾರ್ಯವಿಧಾನವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಮೊದಲು ಎಣಿಸು, ಬರೆದಿಡು, ಆಮೇಲೆ ವಾದಿಸು. 1919ರಲ್ಲಿ ಸಂಘವು ಹಿಂದಿನ ಮೂವತ್ತು ವರ್ಷಗಳ ಗುಂಪುಕೊಲೆಗಳ ವರದಿಯೊಂದನ್ನು ಪ್ರಕಟಿಸಿತು. 1889ರಿಂದ 1918ರ ತನಕ ಹಾಗೆ ಸತ್ತವರು 3,224 ಮಂದಿ, ಬಹುಪಾಲು ಕಪ್ಪು ಜನರು. ಅಲ್ಲೊಂದು ಇಲ್ಲೊಂದು ಘಟನೆ ಎಂದು ತಳ್ಳಿಹಾಕುವುದು ಆ ಬಳಿಕ ಯಾರಿಗೂ ಸುಲಭವಾಗಲಿಲ್ಲ.

ಸಂಘದ ವಾಲ್ಟರ್ ವೈಟ್ ಎಂಬವರು ಕಪ್ಪು ಮನೆತನದವರಾದರೂ ಬಿಳಿ ಚರ್ಮ, ನೀಲಿ ಕಣ್ಣುಗಳನ್ನು ಪಡೆದಿದ್ದರು. ಅವರು ಬಿಳಿಯನೆಂಬ ಸೋಗಿನಲ್ಲಿ ಕೊಲೆ ನಡೆದ ಊರುಗಳಿಗೆ ಹೋಗಿ, ಕೊಂದವರ ಬಾಯಿಂದಲೇ ವಿವರಗಳನ್ನು ಕೇಳಿಕೊಂಡು ಬರುತ್ತಿದ್ದರು. 1919ರಲ್ಲಿ ಅರ್ಕನ್ಸಾ ರಾಜ್ಯದಲ್ಲಿ ಗುರುತು ಬಯಲಾದಾಗ ಸಿಕ್ಕಿದ ರೈಲು ಹತ್ತಿ ಪ್ರಾಣ ಉಳಿಸಿಕೊಂಡರು. 1930ರ ದಶಕದಲ್ಲಿ ನ್ಯೂಯಾರ್ಕಿನ ಕಚೇರಿಯ ಕಿಟಕಿಯಿಂದ, ನಿನ್ನೆ ಒಬ್ಬ ಮನುಷ್ಯನನ್ನು ಗುಂಪು ಕೊಂದಿತೆಂದು ಸಾರುವ ಕಪ್ಪು ಬಾವುಟವೊಂದನ್ನು ಅಂಥ ಸುದ್ದಿ ಬಂದಾಗಲೆಲ್ಲ ತೂಗಹಾಕುತ್ತಿದ್ದರು.

ಇದನ್ನು ತಡೆಯುವ ಮಸೂದೆ 1922ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾದರೂ ಸೆನೆಟ್ಟಿನಲ್ಲಿ ದಕ್ಷಿಣದ ಸದಸ್ಯರು ಅದನ್ನು ಮುಂದೆ ಹೋಗಗೊಡಲಿಲ್ಲ. ಅಂಥ ಶಾಸನವು ಕೊನೆಗೂ ಜಾರಿಗೆ ಬಂದದ್ದು 2022ರಲ್ಲಿ, ಸರಿಯಾಗಿ ನೂರು ವರ್ಷಗಳ ಮೇಲೆ.

ಹೂಸ್ಟನ್ನರ ಯೋಜನೆ

ಶಾಸನಸಭೆಯ ಬಾಗಿಲು ಹೀಗೆ ಮುಚ್ಚಿದಾಗ ಸಂಘವು ನ್ಯಾಯಾಲಯದತ್ತ ತಿರುಗಿತು. ಇದರ ಶಿಲ್ಪಿ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜನ್ನು ಶಿಸ್ತಿನಿಂದ ಕಟ್ಟಿದ ಗುರು ಅವರು. ವಕೀಲನಾದವನು ಸಮಾಜವನ್ನು ಕಟ್ಟುವ ಎಂಜಿನಿಯರ್ ಆಗಿರಬೇಕೆಂದು ಶಿಷ್ಯರಿಗೆ ಬೋಧಿಸುತ್ತಿದ್ದರು. 1930ರ ದಶಕದ ನಡುವಿನಲ್ಲಿ ಚಲನಚಿತ್ರದ ಕ್ಯಾಮರಾವನ್ನು ಹಿಡಿದು ದಕ್ಷಿಣ ಕರೋಲಿನಾದ ಹಳ್ಳಿಗಳಲ್ಲಿ ಸಂಚರಿಸಿ, ಬಿಳಿಯ ಮಕ್ಕಳ ಇಟ್ಟಿಗೆ ಕಟ್ಟಡಗಳನ್ನೂ ಕಪ್ಪು ಮಕ್ಕಳ ಹಲಗೆಯ ಗುಡಿಸಲುಗಳನ್ನೂ ಚಿತ್ರೀಕರಿಸಿದರು.

ಇಡೀ ವ್ಯವಸ್ಥೆಯನ್ನು ಒಂದೇ ಏಟಿಗೆ ಉರುಳಿಸಲಾಗದೆಂದು ಹೂಸ್ಟನ್ ಬಲ್ಲರು. ಆದುದರಿಂದ ಅವರು ಮೇಲಿನ ಮೆಟ್ಟಿಲಿನಿಂದ ತೊಡಗಿದರು. ಕಪ್ಪು ವಿದ್ಯಾರ್ಥಿಗಳಿಗೆ ಕಾನೂನು ಕಾಲೇಜೇ ಇಲ್ಲದ ರಾಜ್ಯದಲ್ಲಿ 'ಸಮಾನ' ಎಂಬ ಮಾತಿಗೆ ಅರ್ಥವೆಲ್ಲಿ? ಒಂದೋ ಅವರಿಗೊಂದು ಸಮನಾದ ಕಾಲೇಜನ್ನು ಕಟ್ಟಿರಿ, ಇಲ್ಲವೇ ಇರುವ ಕಾಲೇಜಿಗೆ ಸೇರಿಸಿಕೊಳ್ಳಿರಿ ಎಂಬುದು ವಾದ. ಹೂಸ್ಟನ್ನರ ಶಿಷ್ಯ ಥರ್ಗುಡ್ ಮಾರ್ಷಲ್ ಅವರು 1936ರಲ್ಲಿ ಮೇರಿಲ್ಯಾಂಡ್ ಕಾನೂನು ಕಾಲೇಜಿನ ಬಾಗಿಲನ್ನು ತೆರೆಸಿದರು. ಕಪ್ಪು ವರ್ಣದವರೆಂಬ ಕಾರಣದಿಂದ ಮಾರ್ಷಲ್ಲರಿಗೂ ಅಲ್ಲಿ ಓದಲು ಅವಕಾಶವಿರಲಿಲ್ಲ. 1940ರಲ್ಲಿ ವರ್ಜೀನಿಯದ ನಾರ್ಫೋಕ್ ನಗರದ ಮೊಕದ್ದಮೆಯಲ್ಲಿ, ಉಪಾಧ್ಯಾಯರಿಗೆ ವರ್ಣವನ್ನು ನೋಡಿ ಕಡಿಮೆ ಸಂಬಳ ಕೊಡುವುದು ಸಂವಿಧಾನ ವಿರೋಧವೆಂದು ತೀರ್ಪಾಯಿತು.

ಒಕ್ಲಹೋಮಾದ ಜಾರ್ಜ್ ಮೆಕ್‌ಲಾರಿನ್ ಎಂಬ ಹಿರಿಯ ಉಪಾಧ್ಯಾಯರನ್ನು ವಿಶ್ವವಿದ್ಯಾಲಯವು ಸಂಶೋಧನೆಗೆ ಸೇರಿಸಿಕೊಂಡಿತಾದರೂ ತರಗತಿಯ ಪಕ್ಕದ ಮೂಲೆಕೋಣೆಯಲ್ಲಿ ಕುಳ್ಳಿರಿಸಿತು. ಗ್ರಂಥಾಲಯದಲ್ಲಿ ಬೇರೆ ಮೇಜು, ಊಟಕ್ಕೂ ಬೇರೆ ಮೇಜು. 1950ರ ಜೂನ್ 5ರಂದು ಸುಪ್ರೀಂ ಕೋರ್ಟು ಇದನ್ನು ತಳ್ಳಿಹಾಕಿತು. ಒಳಗೆ ಬಿಟ್ಟರೂ ಬೇರೆ ಕೂರಿಸಿದರೆ ಕಲಿಕೆ ಸಮನಾಗದು ಎಂಬ ತತ್ತ್ವ ಇಲ್ಲಿ ಸ್ಥಿರವಾಯಿತು. ಅದಕ್ಕೆ ಕೆಲವೇ ವಾರಗಳ ಮೊದಲು ಹೂಸ್ಟನ್ ಕಣ್ಮುಚ್ಚಿದ್ದರು.

ಒಂದು ಬಸ್ಸಿನ ಬೇಡಿಕೆ

ದೊಡ್ಡ ಮೊಕದ್ದಮೆಯ ಬೀಜ ಸಣ್ಣ ಊರಿನಲ್ಲಿತ್ತು. ದಕ್ಷಿಣ ಕರೋಲಿನಾದ ಕ್ಲಾರೆಂಡನ್ ಕೌಂಟಿಯಲ್ಲಿ ಬಿಳಿಯ ಮಕ್ಕಳಿಗೆ ಮೂವತ್ತು ಬಸ್ಸುಗಳಿದ್ದವು, ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಮಕ್ಕಳು ಮೈಲುಗಟ್ಟಲೆ ನಡೆಯಬೇಕಿತ್ತು. ಹೆತ್ತವರು ಹಣ ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರೆ ಅದು ದಾರಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು. 1947ರಲ್ಲಿ ಲೀವೈ ಪಿಯರ್ಸನ್ ಎಂಬ ರೈತ, ಪಾದ್ರಿಯೂ ಉಪಾಧ್ಯಾಯರೂ ಆಗಿದ್ದ ಜೋಸೆಫ್ ಡಿಲೇನ್ ಅವರ ಪ್ರೇರಣೆಯಿಂದ, ಬಸ್ಸು ಬೇಕೆಂದು ಅರ್ಜಿ ಕೊಟ್ಟರು. ಅವರ ಜಮೀನು ಯಾವ ಶಾಲಾ ವಲಯಕ್ಕೆ ಸೇರಿದ್ದು ಎಂಬ ತಾಂತ್ರಿಕ ನೆಪದಲ್ಲಿ ಮೊಕದ್ದಮೆ ಬಿದ್ದುಹೋಯಿತು. 1949ರಲ್ಲಿ ಹಲವು ಕುಟುಂಬಗಳು ಕೂಡಿ ಮತ್ತೆ ಅರ್ಜಿ ಬರೆದವು. ಆ ವರ್ಷ ಅಲ್ಲಿ ಪ್ರತಿಯೊಬ್ಬ ಬಿಳಿಯ ವಿದ್ಯಾರ್ಥಿಗಾಗಿ 179 ಡಾಲರ್ ವೆಚ್ಚವಾಗುತ್ತಿದ್ದರೆ, ಕಪ್ಪು ವಿದ್ಯಾರ್ಥಿಗೆ 43 ಡಾಲರ್ ಮಾತ್ರ.

ಸಹಿ ಹಾಕಿದವರು ಅದರ ಬೆಲೆಯನ್ನು ತೆತ್ತರು. ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ ಹ್ಯಾರಿ ಬ್ರಿಗ್ಸ್ ಕೆಲಸ ಕಳೆದುಕೊಂಡರು, ಅವರ ಪತ್ನಿ ಇಲೈಜಾ ಅವರೂ ಕೆಲಸ ಕಳೆದುಕೊಂಡರು. ಡಿಲೇನ್ ಅವರ ಮನೆಗೂ ಬಳಿಕ ಚರ್ಚಿಗೂ ಬೆಂಕಿ ಬಿತ್ತು, ಕೊನೆಗೆ ಅವರು ರಾಜ್ಯವನ್ನೇ ತೊರೆಯಬೇಕಾಯಿತು. ಆದರೂ ಅರ್ಜಿಯನ್ನು ಹಿಂತೆಗೆಯಲಿಲ್ಲ.

ಇದೇ ಸಮಯಕ್ಕೆ ವರ್ಜೀನಿಯದ ಫಾರ್ಮ್‌ವಿಲ್ಲಿನಲ್ಲಿ 180 ಮಂದಿಗೆಂದು ಕಟ್ಟಿದ ಪ್ರೌಢಶಾಲೆಯಲ್ಲಿ 450ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಹೆಚ್ಚಿನವರಿಗಾಗಿ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳನ್ನು ಹಾಕಿದ್ದರು. 1951ರ ಏಪ್ರಿಲ್ 23ರಂದು ಹದಿನಾರರ ಬಾಲಿಕೆ ಬಾರ್ಬರಾ ಜಾನ್ಸ್ ಸಹಪಾಠಿಗಳನ್ನು ಸಭಾಂಗಣದಲ್ಲಿ ಸೇರಿಸಿ ಮುಷ್ಕರ ಹೂಡಿದಳು. ಮಕ್ಕಳೇ ಸಂಘದ ವಕೀಲರಿಗೆ ಪತ್ರ ಬರೆದರು.

ಇವೆರಡು ಮೊಕದ್ದಮೆಗಳೊಂದಿಗೆ ಕ್ಯಾನ್ಸಸ್, ಡೆಲವೇರ್ ಮತ್ತು ರಾಜಧಾನಿ ವಾಷಿಂಗ್ಟನ್ನಿನ ಮೊಕದ್ದಮೆಗಳೂ ಸುಪ್ರೀಂ ಕೋರ್ಟಿನಲ್ಲಿ ಒಟ್ಟಿಗೆ ಬಂದವು. ಕ್ಯಾನ್ಸಸಿನ ಟೊಪೀಕಾ ನಗರದ ಆಲಿವರ್ ಬ್ರೌನ್ ಅವರ ಹೆಸರಿನಿಂದ ಇವು ಇಂದು ಪ್ರಸಿದ್ಧವಾಗಿವೆ. ಮನೋವಿಜ್ಞಾನಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ಬಣ್ಣದ ಹೊರತು ಬೇರಾವ ವ್ಯತ್ಯಾಸವೂ ಇಲ್ಲದ ಗೊಂಬೆಗಳನ್ನು ಮಕ್ಕಳ ಮುಂದಿಟ್ಟು ನಡೆಸಿದ ಪ್ರಯೋಗವೂ ಸಾಕ್ಷ್ಯವಾಗಿ ಬಂತು. ಅನೇಕ ಕಪ್ಪು ಮಕ್ಕಳು ಬಿಳಿಯ ಗೊಂಬೆಯೇ ಒಳ್ಳೆಯದೆಂದು ಆರಿಸಿದ್ದರು. 1954ರ ಮೇ 17ರಂದು ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ ಒಂಬತ್ತು ಮಂದಿಯ ಒಮ್ಮತದ ತೀರ್ಪನ್ನು ಓದಿದರು. ಸಾರ್ವಜನಿಕ ಶಿಕ್ಷಣದಲ್ಲಿ 'ಪ್ರತ್ಯೇಕ, ಆದರೆ ಸಮಾನ' ಎಂಬ ತತ್ತ್ವಕ್ಕೆ ಸ್ಥಾನವಿಲ್ಲ ಎಂಬುದು ಅದರ ಸಾರ.

ತೀರ್ಪಿನ ಬಳಿಕ

ತೀರ್ಪು ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. 1957ರಲ್ಲಿ ಲಿಟಲ್ ರಾಕ್ ನಗರದ ಪ್ರೌಢಶಾಲೆಗೆ ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಕಳುಹಿಸಲು, ಸಂಘದ ಅಲ್ಲಿನ ನಾಯಕಿ ಡೇಸಿ ಬೇಟ್ಸ್ ಅವರ ಧೈರ್ಯದ ಜೊತೆಗೆ, ರಾಷ್ಟ್ರಾಧ್ಯಕ್ಷರು ಕಳುಹಿಸಿದ ಸೈನ್ಯವೂ ಬೇಕಾಯಿತು. ಬಾರ್ಬರಾ ಜಾನ್ಸಳ ಕೌಂಟಿಯಾದ ಪ್ರಿನ್ಸ್ ಎಡ್ವರ್ಡಿನಲ್ಲಿ ಅಧಿಕಾರಿಗಳು 1959ರಿಂದ 1964ರ ತನಕ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿಬಿಟ್ಟರು. ತೀರ್ಪಿಗೆ ಹತ್ತು ವರ್ಷ ತುಂಬಿದರೂ ದಕ್ಷಿಣದಲ್ಲಿ ಬಿಳಿಯರೊಂದಿಗೆ ಕಲಿಯುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಇಬ್ಬರಷ್ಟೇ.

ಸಂಘವನ್ನೇ ಮುಗಿಸುವ ಪ್ರಯತ್ನವೂ ನಡೆಯಿತು. ಅಲಬಾಮಾ ರಾಜ್ಯವು 1956ರಲ್ಲಿ ಅದರ ಸದಸ್ಯರ ಹೆಸರಿನ ಪಟ್ಟಿಯನ್ನು ಕೇಳಿತು. ಪಟ್ಟಿ ಹೊರಬಿದ್ದರೆ ಹೆಸರಿದ್ದವರ ಕೆಲಸಕ್ಕೂ ಜೀವಕ್ಕೂ ಅಪಾಯ. ಸಂಘ ಕೊಡಲೊಪ್ಪದೆ, ಒಂದು ಲಕ್ಷ ಡಾಲರ್ ದಂಡಕ್ಕೆ ಗುರಿಯಾಯಿತು. 1958ರಲ್ಲಿ ಸುಪ್ರೀಂ ಕೋರ್ಟು ಸಂಘದ ಪರವಾಗಿ ತೀರ್ಪಿತ್ತು, ಸಂಘಟಿತರಾಗುವ ಸ್ವಾತಂತ್ರ್ಯಕ್ಕೆ ಹೆಸರನ್ನು ಗುಟ್ಟಾಗಿಡುವ ಹಕ್ಕೂ ಸೇರಿದೆಯೆಂದು ಸಾರಿತು. ಫ್ಲಾರಿಡಾದ ಹ್ಯಾರಿ ಮೂರ್ ಮತ್ತು ಅವರ ಪತ್ನಿ ಹ್ಯಾರಿಯೆಟ್ 1951ರ ಕ್ರಿಸ್ಮಸ್ ರಾತ್ರಿ ಮನೆಗಿಟ್ಟ ಬಾಂಬಿಗೂ, ಮಿಸಿಸಿಪ್ಪಿಯ ಮೆಡ್ಗರ್ ಎವರ್ಸ್ 1963ರ ಜೂನಿನಲ್ಲಿ ತಮ್ಮ ಮನೆಯಂಗಳದಲ್ಲೇ ಗುಂಡಿಗೂ ಬಲಿಯಾದರು. ಮೂರ್ ದಂಪತಿಗಳು ವೃತ್ತಿಯಿಂದ ಶಾಲಾ ಉಪಾಧ್ಯಾಯರಾಗಿದ್ದವರು.

ಸೆಪ್ಟಿಮಾ ಕ್ಲಾರ್ಕ್ ಎಂಬ ಇನ್ನೊಬ್ಬ ಉಪಾಧ್ಯಾಯಿನಿಯನ್ನು ಇಲ್ಲಿ ನೆನೆಯದಿರಲಾಗದು. 1956ರಲ್ಲಿ ದಕ್ಷಿಣ ಕರೋಲಿನಾ ಸರಕಾರ ತನ್ನ ನೌಕರರು ಈ ಸಂಘದ ಸದಸ್ಯರಾಗಿರಬಾರದೆಂದು ಶಾಸನ ಮಾಡಿತು. ಸದಸ್ಯತ್ವವನ್ನು ಮುಚ್ಚಿಡಲು ಒಪ್ಪದ ಅವರು ಸುಮಾರು ನಲುವತ್ತು ವರ್ಷಗಳ ಸೇವೆಯ ಬಳಿಕ ಕೆಲಸವನ್ನೂ ನಿವೃತ್ತಿವೇತನವನ್ನೂ ಕಳೆದುಕೊಂಡರು. ಅವರು ಸುಮ್ಮನೆ ಕೂರಲಿಲ್ಲ. ಮತದಾರರಾಗಲು ಅಕ್ಷರ ಬಲ್ಲೆನೆಂದು ತೋರಿಸಬೇಕಾಗಿದ್ದ ಆ ಕಾಲದಲ್ಲಿ ವಯಸ್ಕರಿಗಾಗಿ ಪೌರತ್ವ ಶಾಲೆಗಳನ್ನು ರೂಪಿಸಿ, ಸಾವಿರಾರು ಜನರಿಗೆ ಓದುಬರಹವನ್ನು ಕಲಿಸಲು ದಾರಿ ಮಾಡಿದರು.

ಮುಂದೆ ಬಂದ ಚಳವಳಿಗಳಿಗೂ ಸಂಘವು ಬೇರಾಗಿ ನಿಂತಿತು. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಆಸನ ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರು ಅದರ ಮಾಂಟ್ಗೊಮರಿ ಶಾಖೆಯ ಕಾರ್ಯದರ್ಶಿಯಾಗಿದ್ದರು. 1960ರಲ್ಲಿ ವಿದ್ಯಾರ್ಥಿಗಳ ಸಂಘಟನೆಗೆ ಮಾರ್ಗದರ್ಶನ ಮಾಡಿದ ಎಲ್ಲಾ ಬೇಕರ್ ಹಿಂದೆ ಇದರ ಶಾಖೆಗಳ ನಿರ್ದೇಶಕಿ. ನ್ಯಾಯಾಲಯದ ದಾರಿ ತೀರ ನಿಧಾನವೆಂದು ಆ ಯುವಕರು ಟೀಕಿಸಿದ್ದೂ ನಿಜ, ಆ ಟೀಕೆಯಲ್ಲಿ ಹುರುಳಿದ್ದುದೂ ನಿಜ. ಬೀದಿಯ ಹೋರಾಟ ಮತ್ತು ವಾಷಿಂಗ್ಟನ್ನಿನಲ್ಲಿ ಸಂಘದ ಕ್ಲಾರೆನ್ಸ್ ಮಿಚೆಲ್ ವರ್ಷಗಟ್ಟಲೆ ನಡೆಸಿದ ಪ್ರಯತ್ನ ಕೂಡಿದುದರಿಂದಲೇ 1964ರ ಪೌರಹಕ್ಕು ಶಾಸನ, 1965ರ ಮತದಾನ ಹಕ್ಕಿನ ಶಾಸನ ಹಾಗೂ 1968ರ ವಸತಿ ಶಾಸನಗಳು ಬಂದವು. 1967ರಲ್ಲಿ ಥರ್ಗುಡ್ ಮಾರ್ಷಲ್ ಸುಪ್ರೀಂ ಕೋರ್ಟಿನ ಪ್ರಥಮ ಕಪ್ಪು ನ್ಯಾಯಾಧೀಶರಾದರು. ಗೆದ್ದುದು ಶಾಶ್ವತವೆಂದೇನೂ ಇಲ್ಲ. 2013ರ ತೀರ್ಪೊಂದು ಮತದಾನ ಶಾಸನದ ಮುಖ್ಯ ಭಾಗವೊಂದನ್ನು ನಿಷ್ಫಲಗೊಳಿಸಿತು. ಸಂಘದ ಕೆಲಸ ಇಂದಿಗೂ ಮುಂದುವರಿದಿದೆ.

ಭಾರತದೊಂದಿಗೆ ನಂಟು

ಈ ಸಂಘದ ಪತ್ರಿಕೆಯು ಭಾರತದ ಸ್ವಾತಂತ್ರ್ಯ ಸಮರವನ್ನು ಆಸ್ಥೆಯಿಂದ ಗಮನಿಸುತ್ತಿತ್ತು. 1929ರ ಜುಲೈ ಸಂಚಿಕೆಯಲ್ಲಿ ಗಾಂಧೀಜಿಯವರ ಸಂದೇಶ ಅಚ್ಚಾಯಿತು. 1946ರಲ್ಲಿ ಡಾ. ಬಿ.ಆರ್. ಅಂಬೇಡ್ಕರರು ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದರು. ಡುಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. ಮರುವರ್ಷ ಅವರದೇ ಸಂಪಾದಕತ್ವದಲ್ಲಿ ಎನ್.ಎ.ಎ.ಸಿ.ಪಿ.ಯೂ ವಿಶ್ವಸಂಸ್ಥೆಗೆ ಮನವಿಯನ್ನು ಸಲ್ಲಿಸಿತು. ಅಸ್ಪೃಶ್ಯತೆಯ ನೋವನ್ನು ಬಲ್ಲವರೂ ವರ್ಣಭೇದದ ನೋವನ್ನು ಬಲ್ಲವರೂ ಪರಸ್ಪರ ಗುರುತಿಸಿಕೊಂಡ ಗಳಿಗೆ ಅದು.

ಗೆಲುವಿನ ಬೆಲೆ

ಈ ಚರಿತ್ರೆಯಲ್ಲಿ ನಮ್ಮಂಥವರು ನಿಂತು ಯೋಚಿಸಬೇಕಾದ ಅಧ್ಯಾಯ ಇನ್ನೊಂದಿದೆ. ಸಂಘದ ಸ್ಥಾಪಕರಲ್ಲೊಬ್ಬರಾದ ಡುಬಾಯ್ಸ್ ಅವರೇ 1934ರಲ್ಲಿ ಸಂಘಕ್ಕೆ ರಾಜೀನಾಮೆಯಿತ್ತರು. ಕಪ್ಪು ಜನರು ತಮ್ಮ ಸ್ವಂತ ಸಂಸ್ಥೆಗಳನ್ನು ಬಲಪಡಿಸಿಕೊಳ್ಳುವುದನ್ನು ವರ್ಣಭೇದಕ್ಕೆ ಶರಣಾಗತಿಯೆಂದು ತಿಳಿಯಬಾರದು ಎಂಬುದು ಅವರ ನಿಲುವಾಗಿತ್ತು. 1935ರ ಒಂದು ಪ್ರಬಂಧದಲ್ಲಿ ಅವರು, ಮಗುವಿಗೆ ಬೇಕಾದುದು ಪ್ರತ್ಯೇಕ ಶಾಲೆಯೂ ಅಲ್ಲ, ಮಿಶ್ರ ಶಾಲೆಯೂ ಅಲ್ಲ, ಶಿಕ್ಷಣ ಎಂಬ ಅಭಿಪ್ರಾಯವನ್ನು ಮಂಡಿಸಿದರು. ಮಗುವನ್ನು ಹೀನಾಯವಾಗಿ ಕಾಣುವ ಮಿಶ್ರ ಶಾಲೆಗಿಂತ, ಅದನ್ನು ಅರಿತು ಪ್ರೀತಿಸುವ ಉಪಾಧ್ಯಾಯರಿರುವ ಸ್ವಂತ ಶಾಲೆಯೇ ಮೇಲೆಂದರು.

1954ರ ಬಳಿಕ ಈ ಎಚ್ಚರಿಕೆಯ ಮಾತು ಭಾಗಶಃ ನಿಜವಾಯಿತು. ಏಕೀಕರಣವಾದಾಗ ಹೆಚ್ಚಿನ ಕಡೆ ಮುಚ್ಚಿದ್ದು ಕಪ್ಪು ಜನರ ಶಾಲೆಗಳೇ. ಹತ್ತಾರು ಸಾವಿರ ಕಪ್ಪು ಉಪಾಧ್ಯಾಯರೂ ಮುಖ್ಯೋಪಾಧ್ಯಾಯರೂ ಕೆಲಸ ಕಳೆದುಕೊಂಡರು. ಸಮುದಾಯವು ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಶಾಲೆಗಳ ಹೆಸರು, ಹಾಡು, ವಾರ್ಷಿಕೋತ್ಸವ, ಹಳೆವಿದ್ಯಾರ್ಥಿ ಬಳಗ ಎಲ್ಲವೂ ಅಳಿದವು. ಇದರಿಂದ ತೀರ್ಪು ತಪ್ಪೆಂದಾಗುವುದಿಲ್ಲ. ಆದರೆ ಅದನ್ನು ಜಾರಿಗೆ ತಂದ ಅಧಿಕಾರ ಬಿಳಿಯರ ಕೈಯಲ್ಲೇ ಉಳಿದಿತ್ತು, ಯಾವ ಶಾಲೆ ಉಳಿಯಬೇಕೆಂದು ಮಕ್ಕಳ ಹೆತ್ತವರನ್ನು ಯಾರೂ ಕೇಳಲಿಲ್ಲ.

ಉಪಸಂಹಾರ

ಗಡಿನಾಡಿನ ನಮ್ಮ ಸ್ಥಿತಿಯನ್ನು ಅಮೆರಿಕದ ಕಪ್ಪು ಜನರ ಯಾತನೆಯೊಂದಿಗೆ ಹೋಲಿಸುವುದು ಉಚಿತವಲ್ಲ. ನಮ್ಮನ್ನು ಯಾರೂ ಬೇರೆ ಬೆಂಚಿನಲ್ಲಿ ಕೂರಿಸಿ ಕನ್ನಡ ಶಾಲೆಗೆ ಅಟ್ಟಲಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ, ಸಂವಿಧಾನದ 30ನೆಯ ವಿಧಿಯು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿತ್ತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳಿತು. ನಮ್ಮ ಹಿರಿಯರು ಈ ಶಾಲೆಯನ್ನು ತಾವಾಗಿ ಬಯಸಿ ಕಟ್ಟಿದರು. ಎರಡಕ್ಕೂ ಇರುವ ಅಂತರ ಇಷ್ಟೇ, ಇಷ್ಟು ದೊಡ್ಡದು: ಹೊರಗಿನಿಂದ ಬೀಗ ಹಾಕಿದ ಪ್ರತ್ಯೇಕತೆ ಅವಮಾನ, ತಾನೇ ಆರಿಸಿಕೊಂಡ ಸ್ವಂತಿಕೆ ಹಕ್ಕು. ನಿರ್ಧರಿಸುವವರು ಯಾರು ಎಂಬುದರಲ್ಲಿಯೇ ನ್ಯಾಯ, ಅನ್ಯಾಯಗಳ ಗೆರೆಯಿದೆ. ಹಕ್ಕಾಗಿ ಪಡೆದುದನ್ನು ಅಲಕ್ಷ್ಯದಿಂದಲೂ ಕಳೆದುಕೊಳ್ಳಬಹುದೆಂಬುದನ್ನು ನಾವು ಮರೆಯಬಾರದು. ಮಕ್ಕಳಿಲ್ಲದ ಶಾಲೆಯನ್ನು ಯಾವ ವಿಧಿಯೂ ಉಳಿಸಲಾರದು.

ಆ ಸಂಘದಿಂದ ನಾವು ಕಲಿಯಬಹುದಾದ ಒಂದು ಸರಳ ಕೆಲಸವಿದೆ. ಅವರು ಗೆದ್ದದ್ದು ಲೆಕ್ಕವಿಟ್ಟುದರಿಂದ. ಎಷ್ಟು ಬಸ್ಸು, ಎಷ್ಟು ಡಾಲರ್, ಎಷ್ಟು ಮಕ್ಕಳು ಎಂದು ಬರೆದಿಟ್ಟುದರಿಂದ. ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕಗಳು, ಸಮಿತಿಯ ನಡಾವಳಿಗಳು, ಉಪಾಧ್ಯಾಯರನ್ನು ಕೊಡಿರೆಂದು ಬರೆದ ಅರ್ಜಿಗಳ ಪ್ರತಿಗಳು ಯಾರ ಯಾರ ಮನೆಯ ಅಟ್ಟದಲ್ಲಿವೆಯೋ, ಅವನ್ನು ಈ ಸುವರ್ಣ ವರ್ಷದಲ್ಲಿ ಹಳೆವಿದ್ಯಾರ್ಥಿಗಳು ಹುಡುಕಿ ತಂದು ಶಾಲೆಯ ಕಪಾಟಿನಲ್ಲಿ ಇಡಲಿ. ಜಾಕ್ಸನ್‌ವಿಲ್ಲಿನ ಮಕ್ಕಳು ತಮ್ಮ ಮುಖ್ಯೋಪಾಧ್ಯಾಯರೇ ಮರೆತಿದ್ದ ಹಾಡನ್ನು ಮರೆಯದೆ ಇನ್ನೊಬ್ಬರಿಗೆ ಕಲಿಸಿದರು. ಅದು ಉಳಿದುದು ಹಾಗೆ.